ಎಷ್ಟು ಕೊಟ್ಟರೂ ಸರಿ ಎಂದ ನಿಂಗಾಜಮ್ಮನವರಿಗೆ

ಕಲ್ಲುಬಾವಿ, ಹಳೆಯ ಡೈರಿ ಕಟ್ಟಡ
ಬತ್ತಿದ ಎಂಬತ್ತಮೂರನೆಯ ವರ್ಷ, ಹದಿಮೂರನೆಯ ತಿಂಗಳು, ಆರನೆಯ ದಿನ

ಹಾಲು ಉತ್ಪಾದಕರ ಸಂಘದ ಸದಸ್ಯೆ, ನಂಬರು ಅರವತ್ತೊಂದು, ನಿಂಗಾಜಮ್ಮನವರಿಗೆ ಮುದ್ದುಗಂಗೆಯ ನಮಸ್ಕಾರ.

ಅವ್ವ, ಮೇಲೆ ಬರೆದ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ಬೇಸಿಗೆಗೆ ಹನ್ನೆರಡು ತಿಂಗಳು ಸಾಲದೆ ಬಂದದ್ದರಿಂದ ಹಿಂದಿನವರು ಹದಿಮೂರನೆಯದೊಂದನ್ನು ಸೇರಿಸಿದರು. ಈ ಸೀಮೆಯ ಕೊನೆಯ ಹಸುವಿನ ಹಾಲು ಬತ್ತಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕಾಗದಗಳನ್ನು ಓದಿಯೇ ನಿಮ್ಮ ಕನ್ನಡ ಕಲಿತವಳು ನಾನು. ಆದರೆ ಉಳಿದುಬಂದ ಕಾಗದಗಳಲ್ಲಿ ಹೆಚ್ಚಿನವು ರಸೀದಿಗಳು. ರಸೀದಿಗಳಿಂದ ಕಲಿತ ಭಾಷೆಯಲ್ಲಿ ಅಕ್ಕರೆ ತೋರಿಸುವುದು ಕಷ್ಟ. ನಿಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನೂ ಯೋಚಿಸಿದೆ. ನನಗೆ ನಲವತ್ತೆಂಟು. ನಿಮ್ಮ ಅಕ್ಷರ ನೋಡಿದರೆ ನಿಮಗಿನ್ನೂ ಮೂವತ್ತೈದು ದಾಟಿಲ್ಲ ಅನ್ನಿಸುತ್ತದೆ. ಆದರೂ ನೀವು ತೀರಿಕೊಂಡು ಎಪ್ಪತ್ತು ವರ್ಷವಾದರೂ ಆಗಿರಬೇಕು, ಹಾಗಾಗಿ ಅವ್ವ ಎನ್ನುವುದೇ ಸರಿ. ಇದನ್ನು ಇಷ್ಟು ನೇರವಾಗಿ ಬರೆದದ್ದು ಒರಟಾಯಿತು.

ಇದು ನಿಮಗೆ ನನ್ನ ಎರಡನೆಯ ಕಾಗದ. ಮೊದಲನೆಯದು ತಲುಪಿತೆಂದು ನಿಮ್ಮ ಉತ್ತರದಿಂದ ಗೊತ್ತಾಯಿತು. ಆ ಉತ್ತರದಿಂದ ನಮಗೆ ಒದಗಿರುವ ಆಪತ್ತನ್ನು ಹೇಳಲೆಂದೇ ಮತ್ತೆ ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲಿ ಒಂದು ಹಸು ಇದೆ. ಇನ್ನು ಮೂರು ದಿನದೊಳಗೆ ನೀವು ಹಾಲಿಗೆ ಒಂದು ನ್ಯಾಯವಾದ ಬೆಲೆ ಹೇಳದಿದ್ದರೆ ಅದನ್ನು ನಮ್ಮಿಂದ ಕರೆದೊಯ್ಯುತ್ತಾರೆ. ಮುಂದೆ ನಾನು ಹೇಳುವುದೆಲ್ಲ ಇದಕ್ಕೇ ಸೇರಿದ್ದು.

ನಾನು ಈ ಊರಿನ ಓದುಗಿತ್ತಿ. ಹಾಗೆಂದರೆ ಹಳೆಯ ಕಾಗದಗಳನ್ನು ಓದಿ ಊರಿಗೆ ಅರ್ಥ ಹೇಳುವವಳು, ಊರಿಗೊಬ್ಬಳು ಇರುತ್ತಾಳೆ. ನೀವು ದಿನಾ ಹಾಲು ಹಾಕುವ ಡೈರಿಯಲ್ಲೇ ನನ್ನ ವಾಸ. ಒಳಕೋಣೆಯಲ್ಲಿ ಹಾಲು ತಂಪು ಮಾಡುವ ಸ್ಟೀಲಿನ ಟ್ಯಾಂಕು ಇದೆಯಲ್ಲ, ಅದು ಈಗಲೂ ಅಲ್ಲೇ ಇದೆ. ಈ ಕಟ್ಟಡಕ್ಕೆ ಕರೆಂಟು ನಿಂತು ಎಂಬತ್ತು ವರ್ಷವಾಯಿತು. ಟ್ಯಾಂಕು ಮಾತ್ರ ಇನ್ನೂ ತಣ್ಣಗಿದೆ. ಹೊರಗೆ ಕಲ್ಲು ಸಿಡಿಯುವ ಬಿಸಿಲಿದ್ದಾಗಲೂ ಮುಚ್ಚಳ ತೆಗೆದರೆ ಕೈ ಮರಗಟ್ಟುತ್ತದೆ. ಒಳಗೆ ಏನೂ ಇರುವುದಿಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಅದರ ತಳದಲ್ಲಿ ಒದ್ದೆಯಾದ ಚೀಟಿ ಬಿದ್ದಿತ್ತು. ನಿಮ್ಮ ಹೆಸರು, ಹೊತ್ತು ಆರು ಗಂಟೆ ಹನ್ನೆರಡು ನಿಮಿಷ, ಹಾಲು ಆರು ಲೀಟರ್ ನಾನೂರು, ಫ್ಯಾಟು ಮೂರು ಪಾಯಿಂಟ್ ಎಂಟು. ಇಸವಿಯ ಕೊನೆಯ ಅಂಕಿ ನೀರಲ್ಲಿ ಕಲೆಸಿಹೋಗಿತ್ತು. ಮಸಿ ಇನ್ನೂ ಹಸಿಯಾಗಿ ನನ್ನ ಬೆರಳಿಗೆ ಅಂಟಿತು. ಮೂಸಿ ನೋಡಿದೆ, ಆಗಿನ್ನೂ ನಮ್ಮೂರಿಗೆ ಹಸು ಬಂದಿರಲಿಲ್ಲ, ಆ ವಾಸನೆಗೆ ನನ್ನಲ್ಲಿ ಹೆಸರಿರಲಿಲ್ಲ. ಹಸು ಕರೆದದ್ದನ್ನು ಕಣ್ಣಾರೆ ಕಂಡವರಲ್ಲಿ ನಮ್ಮೂರಿನಲ್ಲಿ ಆಗ ಉಳಿದಿದ್ದುದು ತೊಂಬತ್ತು ದಾಟಿದ ದ್ಯಾವಕ್ಕ ಒಬ್ಬಳೇ. ಅವಳ ಮೂಗಿಗೆ ಹಿಡಿದೆ. "ಕೊಟ್ಟಿಗೆ" ಅಂದಳು.

ಬರೆದು ಟ್ಯಾಂಕಿಗೆ ಹಾಕಿದ ನನ್ನ ಮೊದಲ ಕಾಗದ ಮರುದಿನ ಅಲ್ಲಿರಲಿಲ್ಲ. ಹನ್ನೊಂದನೆಯ ದಿನ ನಿಮ್ಮ ಉತ್ತರ ಬಂತು. ಇದು ಹೇಗೆ ಆಗುತ್ತದೆ ಎಂದು ನನ್ನನ್ನು ಕೇಳಬೇಡಿ. ನಾವು ಈ ಊರಿನಲ್ಲಿ ಅದನ್ನು ಕೇಳಿಕೊಳ್ಳುವುದನ್ನು ಬಿಟ್ಟಿದ್ದೇವೆ.

ನಮ್ಮ ದಿನಗಳು ಹೀಗೆ. ಸೂರ್ಯ ಮೂಡಿ ಮೂರು ಗಳಿಗೆಗೆ ಬಿಸಿಲುಬೀಗ ಬೀಳುತ್ತದೆ. ಆಗಿನಿಂದ ಇಳಿಹೊತ್ತಿನವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಬೀಗಕ್ಕೆ ಮುಂಚೆ ಪ್ರತಿ ಬೀದಿಯ ನಲ್ಲಿಯಲ್ಲಿ ತೊಟ್ಟಿಹಾಲು ಬರುತ್ತದೆ. ಇದು ಯಾವ ಕೆಚ್ಚಲಿನಿಂದಲೂ ಬಂದದ್ದಲ್ಲ. ದೂರದ ದೊಡ್ಡ ತೊಟ್ಟಿಗಳಲ್ಲಿ ಒಂದು ಬಗೆಯ ಹುದುಗು ಬೆಳೆಸಿ ಇಳಿಸಿದ ಬಿಳಿಯ ನೀರು. ನೋಡಲು ಹಾಲಿನಂತೆಯೇ ಇದೆ ಎಂದು ದ್ಯಾವಕ್ಕ ಒಪ್ಪುತ್ತಾಳೆ. ಆದರೆ ಒಲೆಯ ಮೇಲಿಟ್ಟರೆ ಅದು ಉಕ್ಕುವುದಿಲ್ಲ, ಕೆನೆ ಕಟ್ಟುವುದಿಲ್ಲ, ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಒಂದು ವಾರ ಹಾಗೇ ಬಿಟ್ಟರೂ ಕೆಡುವುದಿಲ್ಲ. ಕೆಡಲಾರದ ವಸ್ತುವನ್ನು ಮನೆಯಲ್ಲಿಟ್ಟುಕೊಂಡು ಮಲಗುವುದು ಎಷ್ಟು ಹೆದರಿಕೆ ಹುಟ್ಟಿಸುತ್ತದೆ ಎಂದು ನಿಮಗೆ ಹೇಗೆ ತಿಳಿಸಲಿ. ಈಗ ಒಂಬತ್ತು ತೊಟ್ಟಿಗಳಲ್ಲಿ ನಾಲ್ಕು ನಿಂತುಹೋಗಿವೆ. ಹುದುಗಿಗೆ ಮುಪ್ಪು ಬಂದಿದೆ ಎನ್ನುತ್ತಾರೆ. ಅದಕ್ಕಾಗಿಯೇ ನಮ್ಮನ್ನು ಆಳುವ ಮಂಡಳಿಯವರು ಬೀಜಮನೆಯ ಹಿಮದಲ್ಲಿ ಮಲಗಿಸಿದ್ದ ಹಳೆಯ ಬೀಜಗಳಿಂದ ಏಳು ಹಸುಗಳನ್ನು ಎಬ್ಬಿಸಿ ಏಳು ಊರುಗಳಿಗೆ ಒಂದೊಂದು ಕಳಿಸಿದರು.

ಹಸುಗಳು ಹೇಗೆ ಹೋದವು ಎಂದು ನಿಮ್ಮ ಉತ್ತರದಲ್ಲಿ ನೀವು ಕೇಳಲಿಲ್ಲ. ಕೇಳಿದ್ದರೆ ಹೇಳಲು ದೊಡ್ಡ ಕಥೆಯೇನೂ ಇರಲಿಲ್ಲ. ರೋಗ ಬರಲಿಲ್ಲ, ಯುದ್ಧವಾಗಲಿಲ್ಲ. ಒಂದೊಂದು ಮನೆಯವರೂ ಒಂದೊಂದು ದಿನ, ಈ ಸಲ ಕರು ಹಾಕಿದ ಮೇಲೆ ಕೊಟ್ಟುಬಿಡೋಣ ಅಂದರು. ಬೇಸರದಿಂದಲೂ ಅನ್ನಲಿಲ್ಲ, ಸುಮ್ಮನೆ ಅಂದರು. ಪೇಟೆಗೆ ಪ್ಯಾಕೆಟ್ಟಿನ ಹಾಲು ಬರುತ್ತಲೇ ಇದ್ದುದರಿಂದ ಯಾರಿಗೂ ಅದು ಕೇಳಿಸಲಿಲ್ಲ. ಕೊನೆಗೊಂದು ಬೆಳಿಗ್ಗೆ ಹಾಲಿನ ವ್ಯಾನು ಈ ಬಾಗಿಲಿಗೆ ಬಂದು, ಹಾರ್ನ್ ಮಾಡಿ, ಸ್ವಲ್ಪ ಹೊತ್ತು ಕಾದು, ಹೊರಟುಹೋಯಿತಂತೆ. ಡ್ರೈವರು ಇಳಿಯಲೂ ಇಲ್ಲವಂತೆ.

ಹಾಗೆಯೇ ಕುಂಬಾರರು ಹೋದರು, ನೇಯುವವರು ಹೋದರು, ಕೊನೆಗೆ ರಾಗಿ ಬಿತ್ತುವವರೂ ಎದ್ದು ಹೊರಟಾಗ ಉಳಿದವರಿಗೆ ಬುದ್ಧಿ ಬಂದು ಒಂದು ನಿಯಮ ಮಾಡಿಕೊಂಡರು. ಅದನ್ನು ನೆಲೆಬೆಲೆ ಎನ್ನುತ್ತೇವೆ. ಇವತ್ತು ಮಾಡಿದ್ದನ್ನು ನಾಳೆಯೂ ಮಾಡಲು ಮಾಡಿದವರಿಗೆ ಮನಸ್ಸಾಗುವ, ತಮ್ಮ ಮಕ್ಕಳಿಗೂ ಇದನ್ನೇ ಕಲಿಸೋಣ ಅನ್ನಿಸುವ ಬೆಲೆ. ಅದಕ್ಕಿಂತ ಕಡಿಮೆಗೆ ಕೊಳ್ಳುವುದು ನಮ್ಮಲ್ಲಿ ಕಳ್ಳತನ. ನೆಲೆಬೆಲೆಯನ್ನು ಕೊಳ್ಳುವವರು ಹೇಳುವಂತಿಲ್ಲ, ಮಂಡಳಿಯೂ ಹೇಳುವಂತಿಲ್ಲ. ಆ ವಸ್ತುವನ್ನು ಮಾಡಿ ಬದುಕಿದವರ ಬಾಯಿಂದಲೇ ಬರಬೇಕು. ಮಡಕೆಗೆ, ಬಟ್ಟೆಗೆ, ರಾಗಿಗೆ ಹೀಗೆ ಬಂದಿದೆ. ಹಾಲಿಗೆ ಬಂದಿಲ್ಲ, ಯಾಕೆಂದರೆ ಹೇಳುವವರು ಯಾರೂ ಉಳಿದಿಲ್ಲ. ನೆಲೆಬೆಲೆ ಇಲ್ಲದ ಊರಿನಲ್ಲಿ ಹಸು ಬಿಡುವಂತಿಲ್ಲ. ಮತ್ತೆ ಅದು ಬತ್ತುತ್ತದೆ, ಮತ್ತೆ ಎಬ್ಬಿಸಲು ಬೀಜ ಉಳಿದಿಲ್ಲ.

ನಮ್ಮ ಹಸುವಿಗೆ ದ್ಯಾವಕ್ಕ ಕೆಂದಿ ಎಂದು ಹೆಸರಿಟ್ಟಳು. ಮೂರು ವಾರದ ಗಂಡುಗರುವಿನೊಂದಿಗೆ ಬಂತು. ಕರೆತಂದವನು ಮಂಡಳಿಯ ಶಾಂತವೀರ ಎಂಬ ಅಧಿಕಾರಿ. ಒಳ್ಳೆಯವನು, ಆದರೆ ಹಸುವನ್ನು ಪಾಠದಲ್ಲಿ ಮಾತ್ರ ಕಂಡವನು. ಅವನು ಕೆಂದಿಯನ್ನು ದೂರದಿಂದಲೇ ಸುತ್ತು ಹಾಕುವುದನ್ನು ದ್ಯಾವಕ್ಕ ಜಗಲಿಯ ಮೇಲೆ ಕೂತು ನೋಡಿದಳು.

"ಏನಪ್ಪ ಮಂಡ್ಲಿ ಸಾಮಿ, ಹಸ ಕೊಡಕ್ ಬಂದ್ಯೋ ಹೆಣ್ ನೋಡಕ್ ಬಂದ್ಯೋ? ಅಂಗ್ಯಾಕೆ ಸುತ್ತ ತಿರುಗ್ತೀಯ?"

"ಹಿಂದೆ ನಿಲ್ಲಬಾರದು ಅಂತ ನಮಗೆ ಹೇಳಿಕೊಟ್ಟಿದ್ದಾರೆ ಅಜ್ಜೀ, ಒದೆಯುತ್ತದಂತೆ."

"ಮುಂದ್ ನಿಂತ್ರೆ ಹಾಯ್ತದೆ ಅಂತ ಹೇಳ್ಕೊಡ್ಲಿಲ್ವಾ? ಬಾ ಇಲ್ಲಿ, ಪಕ್ಕದಾಗ್ ನಿಂತ್ಕೊ. ಬದುಕೋರೆಲ್ಲ ಪಕ್ಕದಾಗೇ ನಿಲ್ಲಾದು."

ಎಂಬತ್ತಮೂರು ವರ್ಷಗಳ ನಂತರ ಅವಳು ಕುಕ್ಕುರುಗಾಲಲ್ಲಿ ಕೂತು, ಮೊಣಕಾಲ ನಡುವೆ ಚೆಂಬು ಹಿಡಿದು ಕರೆದಳು. ಏಳು ವರ್ಷದ ಮಗುವಾಗಿದ್ದಾಗ ಅವಳ ಅಜ್ಜಿ ಹಿಡಿಸಿದ್ದ ಕೈ. ಆ ಹಾಲನ್ನು ಒಲೆಯ ಮೇಲಿಟ್ಟೆವು. ಅದು ಎದ್ದು ಪಾತ್ರೆಯಿಂದ ಹೊರಗೆ ಬಂದಾಗ ಊರಿನ ಹೆಂಗಸರು ಚೀರಿ ಹಿಂದೆ ಸರಿದರು. ನಾನೂ ಸರಿದೆ, ಅವ್ವ. ಒಲೆಯ ಮೇಲಿನದು ತಾನಾಗಿ ಏಳುವುದನ್ನು ನಾವು ಯಾರೂ ಕಂಡಿರಲಿಲ್ಲ.

ನೆಲೆಬೆಲೆ ಹೇಳುವ ಮೊದಲ ಸಭೆಯಲ್ಲಿ ನಾನೇ ತಪ್ಪು ಮಾಡಿದೆ. ಈ ಡೈರಿಯ ಕಪಾಟಿನಲ್ಲಿ ಸಿಕ್ಕಿದ ಚೀಟಿಗಳ ಮೇಲೆ ಲೀಟರಿಗೆ ಇಷ್ಟು ಎಂದು ಅಚ್ಚಾಗಿತ್ತು. ಅದನ್ನೇ ಎತ್ತಿ ಓದಿದೆ. ಶಾಂತವೀರ ಮೇವಿನ ರಾಶಿಯನ್ನೂ ಹಿಂಡಿಯ ಚೀಲವನ್ನೂ ನೋಡಿ, ಬೆರಳು ಮಡಿಚಿ ಲೆಕ್ಕ ಹಾಕಿದ.

"ಓದುಗಿತ್ತಮ್ಮ, ಈ ಬೆಲೆಗೆ ಕೊಟ್ಟರೆ ಹಸು ಹಾಲು ಬತ್ತಿಸಿದ ತಿಂಗಳುಗಳಲ್ಲಿ ಏನು ತಿನ್ನುತ್ತದೆ?"

ನಾನು ದ್ಯಾವಕ್ಕನ ಮುಖ ನೋಡಿದೆ. "ಮನೆಯೋರ ಅನ್ನ ತಿಂತದೆ" ಅಂದಳು.

"ಹಾಗಾದರೆ ಮನೆಯವರು?"

"ಮನೆಯೋರು ಗಾಳಿ ಕುಡೀತಾರೆ. ಬಿಟ್ಟಿ ಅಲ್ವಾ. ನಮ್ಮಜ್ಜಿ ಹತ್ ಲೀಟ್ರು ಡೈರಿಗ್ ಹಾಕಿ ಬಂದು ನಮ್ಗೆ ಕರೀ ಟೀ ಕೊಡಾಳು. ಕ್ಯಾನಿನ ಮುಚ್ಚಳ ನೆಕ್ಕಕ್ಕೆ ನಾನೂ ನಮ್ಮಣ್ಣನೂ ಕಿತ್ತಾಡ್ತಿದ್ವಿ."

ಅವನು ಇನ್ನೊಂದು ಪ್ರಶ್ನೆ ಕೇಳಿದ. ಚೀಟಿಗಳಲ್ಲಿ ಬೆಳಿಗ್ಗೆಯ ಹಾಲು, ಸಂಜೆಯ ಹಾಲು ಎಲ್ಲವೂ ಇದೆಯಲ್ಲ, ಕರು ಏನು ಕುಡಿಯಿತು ಎಂದು. ದ್ಯಾವಕ್ಕ ನೆಲದ ಮೇಲೆ ಬೆರಳಾಡಿಸುತ್ತ ಹೇಳಿದಳು. ಹೆಣ್ಣುಗರುವಾದರೆ ಅರ್ಧ ಹೊಟ್ಟೆಗೆ ಬಿಡುತ್ತಿದ್ದರು. ಗಂಡುಗರು ಹೆಚ್ಚು ದಿನ ಇರುತ್ತಿರಲಿಲ್ಲ. ಅವಳ ಅಜ್ಜಿ ಒಮ್ಮೆ ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ, ಹೊಲಿದು, ಹಸುವಿನ ಮುಂದೆ ನಿಲ್ಲಿಸಿದ್ದಳು. ಅದನ್ನು ನೆಕ್ಕುತ್ತ ಹಸು ಹಾಲಿಳಿಸುತ್ತಿತ್ತು.

"ಅದಕ್ಕೆ ಗೊತ್ತಿರಲಿಲ್ಲವಾ ಅಜ್ಜೀ, ಹುಲ್ಲು ಅಂತ?" ಶಾಂತವೀರ ಕೇಳಿದ.

"ಗೊತ್ತಿತ್ತು ಕಣಪ್ಪ. ನೆಕ್ಕುತಾ ನೆಕ್ಕುತಾ ಒಂದೊಂದ್ಸಲ ನಮ್ಮ ಕಡೆ ನೋಡದು. ನಮ್ ಪಾಡು ನೋಡಿ ಸುಮ್ನಿತ್ತು, ಅಷ್ಟೇಯ."

ಕೆಂದಿ ಬಂದ ಮರುದಿನದಿಂದ, ಬೆಳಕು ಹರಿಯುವ ಹೊತ್ತಿಗೆ, ಡೈರಿಯ ಮುಂದಿನ ದೂಳಿನಲ್ಲಿ ಕರುಗಳ ಗೊರಸಿನ ಗುರುತುಗಳು ಮೂಡಿರುತ್ತವೆ. ನಮ್ಮ ಕರು ಒಳಗೆ ಕಟ್ಟಿಹಾಕಿರುತ್ತದೆ. ಈ ಗುರುತುಗಳು ಅದರವಕ್ಕಿಂತ ಚಿಕ್ಕವು, ಹುಟ್ಟಿ ಎರಡು ಮೂರು ದಿನದವು ಎಂದು ದ್ಯಾವಕ್ಕ ಹೇಳುತ್ತಾಳೆ. ಮೊದಲ ದಿನ ಹತ್ತು ಹನ್ನೆರಡು ಇದ್ದವು. ಈಗ ನೆಲವೇ ಕಾಣುವುದಿಲ್ಲ. ಎಲ್ಲವೂ ಹೊಲಗಳ ಕಡೆಯಿಂದ ಬಂದು ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತವೆ. ಸಾಲಾಗಿ ನಿಲ್ಲುತ್ತವೆ, ಒಂದರ ಹಿಂದೊಂದು, ನೀವು ಕ್ಯಾನು ಹಿಡಿದು ನಿಲ್ಲುವ ಹಾಗೆ. ಹಿಂದಕ್ಕೆ ಹೋದ ಗುರುತು ಒಂದೂ ಇಲ್ಲ. ಅಲ್ಲಿ ಏನೂ ಕಾಣದಿದ್ದರೂ ಕೆಂದಿ ಆ ಕಡೆಗೆ ತಿರುಗಿ, ಕುತ್ತಿಗೆ ಚಾಚಿ, ಗಾಳಿಯನ್ನು ನೆಕ್ಕುತ್ತದೆ. ಆಗ ಅದರ ಕೆಚ್ಚಲಿನಿಂದ ಹಾಲು ತಾನಾಗಿ ಸುರಿಯುತ್ತದೆ. ನಾವು ಚೆಂಬು ಹಿಡಿಯುವುದಿಲ್ಲ. ಹಿಡಿಯೋಣ ಎಂದು ಒಬ್ಬರಿಗೂ ಅನ್ನಿಸಿಲ್ಲ.

ಇಷ್ಟಾದ ಮೇಲೆ, ಟ್ಯಾಂಕಿನಲ್ಲಿ ಸಿಕ್ಕಿದ್ದ ನಿಮ್ಮ ಚೀಟಿ ನೆನಪಾಗಿ ನಾನು ನಿಮಗೆ ಬರೆದೆ. ನೀವು ಹಾಲು ಮಾಡಿ ಬದುಕಿದವರು. ನಿಮ್ಮ ಮಾತು ನಡೆಯುತ್ತದೆ ಎಂದು ಶಾಂತವೀರನೂ ಒಪ್ಪಿದ. ಊರೆಲ್ಲ ಈ ಕೋಣೆಯಲ್ಲಿ ಸೇರಿದಾಗ ನಿಮ್ಮ ಉತ್ತರವನ್ನು ಗಟ್ಟಿಯಾಗಿ ಓದಿದೆ. ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ನೀವು ಬರೆದದ್ದು ನಿಮಗೆ ನೆನಪಿರಬಹುದು: "ಅಮ್ಮ ನೀವ್ಯಾರೋ ಗೊತ್ತಾಗಲಿಲ್ಲ. ಬೆಲೆ ಕೇಳಿದ್ದೀರಿ. ನಾವೇನ್ ಹೇಳಾದು, ನೀವು ತಿಳಿದೋರು. ಎಷ್ಟು ಕೊಟ್ಟರೂ ಸರಿ. ಹಸೀಗೆ ಹುಷಾರಿಲ್ಲ ಅದಕ್ಕೆ ಗಡಿಬಿಡಿ. ಈ ಕಡೆ ಬಂದರೆ ಮನೆಗೆ ಬನ್ನಿ."

ಕೆಲವರು ನಕ್ಕರು. ದ್ಯಾವಕ್ಕ ನಗಲಿಲ್ಲ. "ನಮ್ ಜನವೇ ಬಿಡು. ಸಾಯೋವಾಗ್ಲೂ ಯಮನ್ನ ಕೂತ್ಕಳಿ ಅಂತಾರೆ" ಅಂದಳು. ಶಾಂತವೀರ ಮಾತ್ರ ಮುಖ ಸಣ್ಣದು ಮಾಡಿಕೊಂಡ. ನಮ್ಮ ನಿಯಮದಲ್ಲಿ ವಸ್ತುಗಳು ಎರಡೇ ಬಗೆ. ಮಾಡಿದ್ದು, ಸಿಕ್ಕಿದ್ದು. ಮಡಕೆ ಮಾಡಿದ್ದು, ಗಾಳಿ, ಮಳೆ, ದಾರಿಯ ಕಲ್ಲು ಸಿಕ್ಕಿದ್ದು. ಎಷ್ಟು ಕೊಟ್ಟರೂ ಸರಿ ಎಂದು ಮಾಡಿದವರೇ ಹೇಳಿದರೆ ಆ ವಸ್ತು ಸಿಕ್ಕಿದ್ದರ ಪಟ್ಟಿಗೆ ಹೋಗುತ್ತದೆ. ಸಿಕ್ಕಿದ್ದಕ್ಕೆ ಬೆಲೆ ಕೊಡಬೇಕಾಗಿಲ್ಲ, ಅದನ್ನು ತರುವವರು ನಾಳೆ ಇರುತ್ತಾರೋ ಇಲ್ಲವೋ ಎಂದು ಯಾರೂ ನೋಡಬೇಕಾಗಿಲ್ಲ. "ಆ ತಾಯಿ ಹಾಲನ್ನ ಮಳೆ ಮಾಡಿಬಿಟ್ಟರು" ಅಂದ. ಆದರೂ ಒಂದು ದಾರಿ ತೆರೆದ: ಮಾತು ಆಡಿದವರೇ ಒಂದು ಸಲ ತಿದ್ದಬಹುದು. ಅದಕ್ಕೆ ಒಂಬತ್ತು ದಿನ ಕೊಟ್ಟ. ಆರು ಕಳೆದಿವೆ.

ನಿಮ್ಮ ಉತ್ತರ ಓದಿದ ದಿನದಿಂದ, ಹಾಲು ಮಾಡಿದವರೇ ಯಾವತ್ತೂ ಇರಲಿಲ್ಲವೆಂಬಂತೆ, ಬೇರೆ ಸಂಗತಿಗಳೂ ಆಗುತ್ತಿವೆ. ನಮ್ಮ ಕರು ಓಡಾಡಿದರೆ ದೂಳಿನಲ್ಲಿ ಗುರುತು ಬೀಳುತ್ತಿಲ್ಲ. ಗೊರಸು ನೆಲಕ್ಕೆ ತಾಗುವುದನ್ನು ನಾನೇ ಬಗ್ಗಿ ನೋಡಿದೆ. ಎತ್ತಿದ ಮೇಲೆ ನೆಲ ಮೊದಲಿನಂತೆಯೇ ಇತ್ತು. ನಿನ್ನೆ ದ್ಯಾವಕ್ಕ ಕರೆಯಲು ಕೂತು, ಎರಡು ಕೈಯನ್ನೂ ಮುಂದೆ ಹಿಡಿದು, ಹಾಗೇ ಕೂತೇ ಇದ್ದಳು. "ಏನ್ ಮಾಡ್ಬೇಕಿತ್ತು ಮುದ್ದೂ? ಕೈಗೆ ಮರ್ತೋಯ್ತು" ಅಂದಳು. ಅವಳ ಅಜ್ಜಿಯ ಹೆಸರು ಕೇಳಿದೆ. ಅಜ್ಜಿ ಇದ್ದಳು ಎಂಬುದೂ ಅವಳಿಗೆ ಅನುಮಾನವಾಗಿತ್ತು. ಬೆಳಿಗ್ಗೆ ಒಲೆಯ ಮೇಲಿಟ್ಟ ಕೆಂದಿಯ ಹಾಲು ಅಂಚಿನವರೆಗೆ ಏರಿ, ನಿಂತು, ಮತ್ತೆ ಕೆಳಗಿಳಿಯಿತು.

ಅವ್ವ, ನೀವು ಹಾಗೆ ಯಾಕೆ ಬರೆದಿರಿ ಎಂದು ನನಗೆ ಗೊತ್ತು. ಕೇಳುವವರಿಗೆ ಭಾರವಾಗಬಾರದು ಎಂಬುದು ನಿಮ್ಮ ಮರ್ಯಾದೆ. ಬೆಲೆಯನ್ನು ಬಾಯಿಬಿಟ್ಟು ಹೇಳಿದರೆ ಆಸೆಬುರುಕಿ ಎನ್ನುತ್ತಾರೋ ಎಂಬ ನಾಚಿಕೆ. ಹಾಲನ್ನು ಮಾರುವುದೇ ಒಂದು ತಪ್ಪು, ಅದಕ್ಕೆ ಚೌಕಾಸಿ ಬೇರೆ ಬೇಕೇ ಎಂದು ನಿಮ್ಮ ಅತ್ತೆಯೂ ಅವರ ಅತ್ತೆಯೂ ಹೇಳಿರಬಹುದು. ಇದರ ಜೊತೆಗೆ ಇನ್ನೊಂದು ಇದೆ ಎಂದು ನನ್ನ ಊಹೆ: ಈವರೆಗೆ ನಿಮ್ಮನ್ನು ಯಾರೂ ಕೇಳಿರಲಿಲ್ಲ. ಫ್ಯಾಟು ನೋಡಿದರು, ಡಿಗ್ರಿ ನೋಡಿದರು, ನೀರು ಬೆರೆಸಿದ್ದೀರೋ ಎಂದು ನೋಡಿದರು. ಹಾಲಿನೊಳಗೆ ಇರುವುದನ್ನೆಲ್ಲ ಅಳೆದರು. ಹಾಲಿನ ಹಿಂದೆ ಇರುವುದನ್ನು ಅಳೆಯುವ ಯಂತ್ರ ಅವರಲ್ಲಿರಲಿಲ್ಲ, ನಿಮ್ಮಲ್ಲೂ ಇರಲಿಲ್ಲ. ನಾನು ಈ ಕಟ್ಟಡದ ಒಂದೊಂದು ಕಾಗದವನ್ನೂ ಓದಿದ್ದೇನೆ. ನಿಮಗೆ ಸಂದದ್ದು ಎಲ್ಲ ಕಡೆ ಇದೆ. ನಿಮಗೆ ತಗಲಿದ್ದು ಒಂದು ಕಡೆಯೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ನಾಳೆ ಹಾಲು ಹಾಕಿ ಬಂದ ಮೇಲೆ ಸ್ವಲ್ಪ ಹೊತ್ತು ಒಬ್ಬರೇ ಕೂತುಕೊಳ್ಳಿ. ಹಿಂಡಿ, ಬೂಸ, ಒಣಹುಲ್ಲಿನ ಖರ್ಚು ನಿಮಗೆ ಹೇಗೂ ಬಾಯಿಪಾಠ. ಅದರ ಮೇಲೆ, ಕೋಳಿ ಕೂಗುವ ಮುಂಚೆ ಎದ್ದು ಸಗಣಿ ಬಾಚುವ ನಿಮ್ಮ ಸೊಂಟವನ್ನು ಸೇರಿಸಿ. ತವರಿನ ಮದುವೆಗೆ ಹೋಗಿ ಸಂಜೆಯ ಕರೆಯುವ ಹೊತ್ತಿಗೆ ಊಟ ಬಿಟ್ಟು ಓಡಿಬಂದದ್ದನ್ನು ಸೇರಿಸಿ. ಹಸು ಗಬ್ಬವಾಗಿ ಹಾಲು ಕೊಡದ ತಿಂಗಳುಗಳಲ್ಲೂ ಅದರ ಹೊಟ್ಟೆ ಇರುತ್ತದೆ, ಅದನ್ನು ಬಿಡಬೇಡಿ. ಈಗ ಅದಕ್ಕೆ ಹುಷಾರಿಲ್ಲ ಅಂದಿರಿ, ಡಾಕ್ಟರು ಬಂದುಹೋಗುವುದನ್ನು ಸೇರಿಸಿ, ನಿಮ್ಮ ನಿದ್ದೆಯನ್ನೂ. ನಿಮ್ಮ ಮಕ್ಕಳು ಮನೆಯ ಹಾಲನ್ನು ಒಂದು ಲೋಟ ಪೂರ್ತಿ ಕುಡಿಯಲಿ, ಅದನ್ನು ಸೇರಿಸಿ. ಕರು ಹೆಣ್ಣಾಗಲಿ ಗಂಡಾಗಲಿ ಅದರ ಪಾಲನ್ನು ಸೇರಿಸಿ. ಇದನ್ನು ನಾನು ಧರ್ಮಕ್ಕೆ ಹೇಳುತ್ತಿಲ್ಲ. ಪಾಲು ಸಿಗದ ಕರುಗಳು ಇಲ್ಲಿಗೆ ಬಂದು ನಿಲ್ಲುತ್ತಿವೆ.

ಇದನ್ನೆಲ್ಲ ಕೊಡಬಲ್ಲವರು ನಿಮ್ಮ ಕಾಲದಲ್ಲಿ ಇದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು ಹೇಳಿದ ಮೊತ್ತ ಕೇಳಿ ಪೇಟೆಯವರು ಬೈಯಬಹುದು, ನಿಮ್ಮ ಮನೆಯವರೇ ನಗಬಹುದು. ನಗಲಿ. ಅವರು ಕೊಡುತ್ತಾರೋ ಬಿಡುತ್ತಾರೋ ಎಂಬುದು ನಿಮ್ಮ ಚಿಂತೆಯಲ್ಲ. ಹೇಳದೆ ಉಳಿದ ಬೆಲೆಯನ್ನು ಮಾತ್ರ ಯಾರೂ ಯಾವತ್ತೂ ಕೊಡಲಾರರು. ನಿಮ್ಮ ಪಕ್ಕದಲ್ಲಿ ಕ್ಯಾನು ಹಿಡಿದು ನಿಲ್ಲುವವರನ್ನೂ ಕೇಳಿ ನೋಡಿ. ಒಬ್ಬರು ಹೇಳಿದರೆ ಆಸೆ ಎನ್ನುತ್ತಾರೆ. ಸಾಲಿನಲ್ಲಿ ನಿಂತವರೆಲ್ಲ ಅದೇ ಮೊತ್ತ ಹೇಳಿದರೆ ಅದಕ್ಕೆ ಬೇರೆ ಹೆಸರು ಬರುತ್ತದೆ.

ಮನೆಗೆ ಬನ್ನಿ ಎಂದಿರಿ. ಬರಲಾಗುವುದಿಲ್ಲವಲ್ಲ ಅವ್ವ. ಬಂದಿದ್ದರೆ ನಿಮ್ಮ ಬಾಯಿಂದ ಆ ಮೊತ್ತ ಹೊರಬರುವವರೆಗೂ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ. ಈಗ ಕಾಗದವೊಂದೇ ಗತಿ. ಬಿಸಿಲುಬೀಗ ತೆಗೆಯುವ ಹೊತ್ತಾಯಿತು, ಹೊರಗೆ ಕೆಂದಿ ಯಾರನ್ನೋ ಕರೆಯುತ್ತಿದೆ, ನಾನು ಮುಗಿಸಬೇಕು.

ಚೀಟಿಯ ಹಿಂಬದಿಯಲ್ಲಿ ಒಂದೇ ಒಂದು ಸಂಖ್ಯೆ ಬರೆಯಿರಿ, ಸಾಕು. ವಿವರಣೆ ಬೇಡ, ಕ್ಷಮೆ ಕೇಳಬೇಡಿ. ಬರೆದ ಕೂಡಲೇ ಮಡಿಚಿಬಿಡಿ. ಇನ್ನೊಮ್ಮೆ ತೆರೆದು ನೋಡಬೇಡಿ, ಅವ್ವ. ನೋಡಿದರೆ ಕಡಿಮೆ ಮಾಡುತ್ತೀರಿ.

ಮುದ್ದುಗಂಗೆ